ಸಾವಿರದ ಎಂಬತ್ತು ಗದ್ದೆ ಇಳಿಸಿದ ದಿನ

ಮಳವಳ್ಳಿಯ ತಿರುನಾರಾಯಣ ಅಯ್ಯಂಗಾರ್ಯರ ತಲೆಯೊಳಗೆ ಸಾವಿರದ ಎಂಬತ್ತು ಕಬ್ಬಿನ ಗದ್ದೆಗಳಿದ್ದವು. ಇದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ. ಉತ್ಪ್ರೇಕ್ಷೆ ಮುಂದೆ ಬರುತ್ತದೆ. ಗದ್ದೆ ಎಂದರೆ ಬರೀ ಹೆಸರಲ್ಲ. ಅದು ಯಾರದು, ಯಾವ ನಾಲೆಯ ನೀರು, ಯಾವ ಮಳೆಯಲ್ಲಿ ನಾಟಿಯಾಯಿತು, ಬದುವಿನ ಮೇಲೆ ಹೊಂಗೆಯೋ ಬೇವೋ, ಮೂಲೆಯಲ್ಲಿ ಹುತ್ತ ಇದೆಯೋ ಇಲ್ಲವೋ, ಎಲ್ಲ ಸೇರಿ ಗದ್ದೆ. ಅವರ ತಲೆಗೂದಲು ಕತ್ತರಿಸುವಾಗ ಕತ್ತರಿಗೆ ಕಬ್ಬಿನ ಸೋಗೆ ಸಿಕ್ಕಿಕೊಳ್ಳುತ್ತದೆ ಎಂದು ಕ್ಷೌರದವನು ಆಣೆಯಿಟ್ಟು ಹೇಳುತ್ತಿದ್ದ. ಅವರು ಬಗ್ಗಿ ಚಪ್ಪಲಿ ಹಾಕಿಕೊಳ್ಳುವಾಗ ಎಡಗಿವಿಯಿಂದ ನಾಲೆಯ ನೀರು ಸುರಿಯುತ್ತಿತ್ತು ಎನ್ನುವವರೂ ಇದ್ದರು. ಅದನ್ನು ನಾನು ಕಂಡಿಲ್ಲ. ಚಪ್ಪಲಿ ಒದ್ದೆಯಾಗಿದ್ದುದನ್ನು ಮಾತ್ರ ಕಂಡಿದ್ದೇನೆ.

ನಿಡಘಟ್ಟದ ಆಚೆ ಆಗ ಒಂದು ಖಾಸಗಿ ಸಕ್ಕರೆ ಕಾರ್ಖಾನೆಯಿತ್ತು. ಈಗ ಅದರ ಚಿಮಣಿಯೂ ಇಲ್ಲ, ಹೊಗೆಯೂ ಇಲ್ಲ. ಅದರ ಮಳವಳ್ಳಿ ಕಚೇರಿಯಲ್ಲಿ ತಿರುನಾರಾಯಣರು ಇಪ್ಪತ್ತೆರಡು ವರ್ಷದಿಂದ ಕಟಾವು ಗುಮಾಸ್ತರು. ಯಾರ ಕಬ್ಬನ್ನು ಯಾವತ್ತು ಕಡಿಯಬೇಕೆಂದು ಪರ್ಮಿಟ್ಟು ಬರೆದುಕೊಡುವುದು ಅವರ ಕೆಲಸ. ಪರ್ಮಿಟ್ಟು ಇಲ್ಲದ ಗಾಡಿಯನ್ನು ಗೇಟಿನೊಳಕ್ಕೆ ಬಿಡುವುದಿಲ್ಲ. ಪರ್ಮಿಟ್ಟಿನಲ್ಲಿ ಹೇಳಿದ ದಿನ ಕಡಿಯದಿದ್ದರೆ ಸರದಿ ತಪ್ಪಿತು. ಮುಂದಿನ ಸರದಿ ಯಾವಾಗಲೋ ದೇವರಿಗೇ ಗೊತ್ತು. ಹಳೆಯ ಕಬ್ಬು ಮೊದಲು, ಎಳೆಯ ಕಬ್ಬು ಆಮೇಲೆ. ಇಷ್ಟೇ ಶಾಸ್ತ್ರ.

ಆದರೆ ಕಬ್ಬಿನ ವಯಸ್ಸು ತಿಳಿಯುವುದು ಹೇಗೆ? ರೈತರನ್ನು ನಾಟಿಯ ತಾರೀಖು ಕೇಳಿದರೆ, "ರೋಯಿಣಿ ಮಳೆ ಉಯ್ತಲ್ಲ ಸ್ವಾಮಿ, ಅದರ ಮಾರ್ನೇ ದಿನ" ಎನ್ನುತ್ತಿದ್ದರು. ಮಳೆಗೆ ಸೂರ್ಯ ಇರುವ ನಕ್ಷತ್ರದ ಹೆಸರು. ನಕ್ಷತ್ರಗಳು ಇಪ್ಪತ್ತೇಳು, ಒಂದೊಂದಕ್ಕೆ ಹದಿಮೂರೋ ಹದಿನಾಲ್ಕೋ ದಿನ, ಆ ದಿನಗಳಲ್ಲಿ ನಾಲ್ಕು ಪಾದ. ತಿರುನಾರಾಯಣರದು ತಲೆತಲಾಂತರದಿಂದ ಪಂಚಾಂಗ ಓದುವ ಮನೆ. ಅವರು ತಮ್ಮ ಪುಸ್ತಕದಲ್ಲಿ ಗದ್ದೆಯ ಮುಂದೆ ಎರಡೇ ಅಂಕಿ ಬರೆಯುತ್ತಿದ್ದರು: ಮೊದಲು ನಕ್ಷತ್ರದ ಸಂಖ್ಯೆ, ಪಕ್ಕದಲ್ಲಿ ಪಾದ. ಅಶ್ವಿನಿಯ ಮೊದಲ ಪಾದವಾದರೆ ಒಂದು, ಒಂದು. ರೋಹಿಣಿಯ ಮೂರನೇ ಪಾದವಾದರೆ ನಾಲ್ಕು, ಮೂರು. ಒಂದು ಸಾಲಿನ ಲೆಕ್ಕ ಏಪ್ರಿಲಿನ ಅಶ್ವಿನಿಯಿಂದ ಮುಂದಿನ ಏಪ್ರಿಲಿನ ರೇವತಿಯವರೆಗೆ. ರೈತರು ಹೇಳಿದ ಮಾತೂ ಉಳಿಯಿತು, ಲೆಕ್ಕವೂ ತಪ್ಪಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಗದ್ದೆ ಹಿಂದುಮುಂದಾಗಿರಲಿಲ್ಲ.

ಆದರೆ ಪುಸ್ತಕ ತೆರೆಯುವುದಕ್ಕೆ ಜನ ಬಿಡಬೇಕಲ್ಲ. ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದರೆ, ದೇವಸ್ಥಾನದಲ್ಲಿ ತೀರ್ಥಕ್ಕೆ ಕೈಯೊಡ್ಡಿದ್ದರೆ, ಯಾರೋ ಒಬ್ಬರು ಪಕ್ಕಕ್ಕೆ ಬಂದು, "ಅಯ್ನೋರೆ, ನಮ್ದು ಯಾವಾಗ?" ಎನ್ನುವರು. ಅವರು ಕಣ್ಣು ಅರ್ಧ ಮುಚ್ಚಿ, ಆ ಗದ್ದೆಯ ಬದುವಿನ ಮೇಲೆ ನಾಲ್ಕು ಹೆಜ್ಜೆ ನಡೆದು ಬಂದು ಉತ್ತರ ಹೇಳುವರು. ಹೀಗೆ ನಡೆದು ನಡೆದು ಗದ್ದೆಗಳು ಅವರನ್ನು ಬಿಡದಾದವು. ಊಟವಾದ ಮೇಲೆ ಒಂದು ಗಳಿಗೆ ಚಾಪೆಯ ಮೇಲೆ ಅಡ್ಡಾದರೂ ರೆಪ್ಪೆ ಮುಚ್ಚಿದ ಕೂಡಲೇ ಸೋಗೆಯ ಸದ್ದು. ಗಾಳಿ ಬಂದರೆ ಸಾವಿರದ ಎಂಬತ್ತು ಗದ್ದೆ ಒಟ್ಟಿಗೆ ಒಂದು ಮಗ್ಗುಲಿಗೆ ವಾಲುತ್ತಿದ್ದವು, ಅವರೂ ವಾಲುತ್ತಿದ್ದರು. ಎದ್ದು ನೋಡಿದರೆ ಚಾಪೆ ಗೋಡೆಯ ಹತ್ತಿರ ಬಂದಿರುತ್ತಿತ್ತು.

ಹೆಂಡತಿ ವೇದವತಿ ಒಮ್ಮೆ ಪರೀಕ್ಷೆ ಮಾಡಿದ್ದರು.

"ಏನೂಂದ್ರೆ, ನಮ್ಮ ಮದುವೆ ಆಗಿದ್ದು ಯಾವತ್ತು, ಹೇಳಿ ನೋಡೋಣ."

"ಪೂರಿಗಾಲಿ ಚಲುವಮ್ಮ ಮೂಡಲ ಗದ್ದೆಗೆ ಮೊದಲನೇ ಸಲ ಕಬ್ಬು ಹಾಕಿದ್ದರ ಮಾರನೇ ದಿವಸ."

"ಹಾಗಾದ್ರೆ ಒಂದು ದಿವಸ ಮುಂಚೆ ಹೋಗಿ ಆ ಚಲುವಮ್ಮನ್ನೇ ಕಟ್ಕೋಬಹುದಿತ್ತು," ಎಂದು ವೇದವತಿ ಹುಳಿಯ ಪಾತ್ರೆಯನ್ನು ಕೊಂಚ ಜೋರಾಗಿಯೇ ಕೆಳಗಿಟ್ಟರು.

ಎಪ್ಪತ್ತೇಳನೇ ಇಸವಿಯ ಬೇಸಿಗೆಯಲ್ಲಿ ಬೆಂಗಳೂರಿನಿಂದ ಪಾರ್ಥಸಾರಥಿ ಎಂಬ ಇಂಜಿನಿಯರು ಮಳವಳ್ಳಿಗೆ ಬಂದ. ರಸ್ತೆ ಗುಡಿಸಿಕೊಂಡು ಹೋಗುವಂಥ ಪ್ಯಾಂಟು, ಜೇಬಿನಲ್ಲಿ ಮೂರು ಪೆನ್ನು. ಮಂಡ್ಯದಲ್ಲಿ ಜುಲೈ ತಿಂಗಳಿಗೆ ಒಂದು ಸಮ್ಮೇಳನ ಏರ್ಪಾಟಾಗಿತ್ತು. ವ್ಯಾಪಾರ ವ್ಯವಹಾರಗಳಿಗೆ ಕಂಪ್ಯೂಟರಿನ ಪ್ರೋಗ್ರಾಮು ಬಳಸುವುದು ಹೇಗೆ ಎಂದು ತಿಳಿದವರು ತಿಳಿಯದವರಿಗೆ ಎರಡು ದಿನ ತಿಳಿಸಿಕೊಡುವ ಸಮ್ಮೇಳನ. ಅದರ ಉದ್ಘಾಟನೆಯಲ್ಲಿ ದೀಪ ಹಚ್ಚಿದ ಮೇಲೆ ಯಂತ್ರದ ಗುಂಡಿ ಒತ್ತುವುದು, ಈ ಸಾಲಿನ ಮಳವಳ್ಳಿ ಕಡೆಯ ಕಟಾವು ಪಟ್ಟಿ ಎಲ್ಲರ ಕಣ್ಣೆದುರಿಗೇ ಅಚ್ಚಾಗಿ ಬರುವುದು, ಕಾರ್ಖಾನೆಯವರು ಆರಿಸಿ ಕರೆತಂದ ಐದು ಜನ ರೈತರಿಗೆ ವೇದಿಕೆಯ ಮೇಲೇ ಪರ್ಮಿಟ್ಟು ಕೊಡುವುದು: ಹೀಗೆ ಕಾರ್ಯಕ್ರಮ. ಪ್ರೋಗ್ರಾಮು ಬರೆದವನು ಪಾರ್ಥಸಾರಥಿ. ಅವನಿಗೆ ಬೇಕಾದ್ದು ಗದ್ದೆಗಳ ವಿವರ.

ಅವನು ಒಂದು ಕಟ್ಟು ಫಾರಮ್ಮು ಕೊಟ್ಟ. ನಾಟಿಯ ಕಾಲಕ್ಕೆ ಅದರಲ್ಲಿ ಎರಡು ಚೌಕ.

"ಇದರಲ್ಲಿ ಏನು ಬರೀಬೇಕು?" ಎಂದರು ತಿರುನಾರಾಯಣರು.

ಪಾರ್ಥಸಾರಥಿ ಅವರ ಪುಸ್ತಕವನ್ನು ನಿಂತಲ್ಲೇ ತಿರುವಿ ನೋಡಿದ. ನಾಲ್ಕು, ಮೂರು. ಹನ್ನೆರಡು, ಎರಡು. "ನೀವು ಆಗಲೇ ಅಂಕಿಯಲ್ಲೇ ಇಟ್ಟಿದ್ದೀರಲ್ಲ ಸಾರ್, ಬಹಳ ಅನುಕೂಲ. ಪುಸ್ತಕದಲ್ಲಿ ಇರೋ ಹಾಗೇ ಇಳಿಸಿಬಿಡಿ," ಎಂದ.

"ಇಳಿಸಿದ ಮೇಲೆ?"

"ಬೆಂಗಳೂರಲ್ಲಿ ಅದನ್ನ ರಟ್ಟಿನ ಕಾರ್ಡಿನ ಮೇಲೆ ತೂತು ಹೊಡೀತೀವಿ. ಒಂದು ಗದ್ದೆಗೆ ಒಂದು ಕಾರ್ಡು. ಯಂತ್ರ ಓದ್ಕೊಳ್ಳತ್ತೆ. ಆಮೇಲೆ ನೀವು ಜ್ಞಾಪಕ ಇಟ್ಕೊಳ್ಳೋ ಅಗತ್ಯ ಇಲ್ಲ. ಆರಾಮಾಗಿ ಮರೆತುಬಿಡಬಹುದು."

ಮರೆತುಬಿಡಬಹುದು. ಆ ಮಾತು ತಿರುನಾರಾಯಣರ ಕಿವಿಯಲ್ಲಿ ತೊಟ್ಟಿಲಿನ ಹಾಗೆ ತೂಗಾಡಿತು. ಐವತ್ತೆರಡನೇ ವಯಸ್ಸಿನಲ್ಲಿ ಮನುಷ್ಯ ಏನೇನೋ ಬಯಸುತ್ತಾನೆ. ಅವರು ಬಯಸಿದ್ದು ಖಾಲಿ ತಲೆ. ಚಾಪೆಯ ಮೇಲೆ ಮಲಗಿದರೆ ಚಾಪೆ ಹಾಸಿದಲ್ಲೇ ಇರಬೇಕು, ಅಷ್ಟೇ. ಪಟ್ಟಿ ಸರಿಯಾಗಿ ಬಂದರೆ ಇನ್ನು ಮುಂದೆ ಕಟಾವು ಯಂತ್ರದ ಪಾಲು. ತಪ್ಪಿದರೆ ಯಂತ್ರ ಬಂದ ಲಾರಿಯಲ್ಲೇ ಬೆಂಗಳೂರಿಗೆ, ಗದ್ದೆಗಳು ಮತ್ತೆ ಅವರ ತಲೆಗೆ. ಒಂದು ತಿಂಗಳು ಕೂತು, ಉಸಿರು ಬಿಗಿಹಿಡಿದು, ಸಾವಿರದ ಎಂಬತ್ತನ್ನೂ ಪುಸ್ತಕದಲ್ಲಿ ಇದ್ದ ಹಾಗೇ ಇಳಿಸಿದರು. ಒಂದೊಂದು ಚೌಕ ತುಂಬಿದಾಗಲೂ ಗದ್ದೆಯ ತಲೆಬಾಗಿಲು ಎಳೆದು ಬೀಗ ಹಾಕಿದ ಹಾಗೆ ಅನ್ನಿಸುತ್ತಿತ್ತು ಎಂದು ಆಮೇಲೆ ಹೇಳಿದರು. ಗದ್ದೆಗೆ ಬಾಗಿಲೆಲ್ಲಿ ಎಂದು ನಾನು ಕೇಳಲಿಲ್ಲ.

ಉದ್ಘಾಟನೆ ಮಂಡ್ಯದ ಒಂದು ಕಲ್ಯಾಣಮಂಟಪದಲ್ಲಿ. ಆಷಾಢವಾದ್ದರಿಂದ ಮದುವೆಗಳಿಲ್ಲ, ಮಂಟಪ ಖಾಲಿ. ವಧೂವರರು ಕೂರುವ ಜಾಗದಲ್ಲಿ ಯಂತ್ರವನ್ನು ಕೂರಿಸಿದ್ದರು. ಬೀರುವಿನಷ್ಟು ಎತ್ತರ, ಪಕ್ಕದಲ್ಲಿ ಕಾರ್ಡು ನುಂಗುವ ಒಂದು ಬಾಯಿ, ಇನ್ನೊಂದು ಪಕ್ಕದಲ್ಲಿ ಕಾಗದ ಹೊರಹಾಕುವ ಇನ್ನೊಂದು ಬಾಯಿ. ಅದಕ್ಕೆ ಸೆಕೆ ಆಗಬಾರದೆಂದು ಸುತ್ತ ಮಂಜುಗಡ್ಡೆಯ ದಿಮ್ಮಿಗಳನ್ನು ಜೋಡಿಸಿದ್ದರು. ಆ ದಿನ ಮಂಡ್ಯದಲ್ಲಿ ಯಾವ ಅಂಗಡಿಯಲ್ಲೂ ತಣ್ಣನೆಯ ಷರಬತ್ತು ಸಿಗಲಿಲ್ಲ. ಮುಂದಿನ ಸಾಲಿನಲ್ಲಿ ಕೂತವರಿಗೆ ಮೂರು ದಿನ ನೆಗಡಿ ಬಿಡಲಿಲ್ಲ. ಅಭ್ಯಾಸಬಲದಿಂದ ಯಾರೋ ಯಂತ್ರಕ್ಕೆ ಹೂವಿನ ಹಾರ ಹಾಕಿ, ಗಂಧ ಬಳಿದು, ಅಕ್ಷತೆ ಹಾಕಿದ್ದರು. ಅಕ್ಷತೆ ಒಳಗೆ ಹೋದರೆ ಕಷ್ಟ ಎಂದು ಪಾರ್ಥಸಾರಥಿ ಒಂದೊಂದೇ ಕಾಳು ಆರಿಸುತ್ತಿದ್ದ.

ತಿರುನಾರಾಯಣರಿಗೆ ಮೂರನೇ ಸಾಲಿನಲ್ಲಿ ಕುರ್ಚಿ. ಅಂಚಿನ ಪಂಚೆ, ಇಸ್ತ್ರಿ ಮಾಡಿದ ಕೋಟು. ಹಿಂದಿನ ಸಾಲಿನಲ್ಲಿ ಐದು ಜನ ರೈತರು. ಅವರಲ್ಲಿ ಮಳವಳ್ಳಿ ರಸ್ತೆಯ ಚಿಕ್ಕಬೋರಯ್ಯನಿದ್ದ, ಪೂರಿಗಾಲಿಯ ಚಿಕ್ಕಮಾದಮ್ಮನಿದ್ದಳು. ಚಿಕ್ಕಮಾದಮ್ಮ ಗಂಡ ಸತ್ತಮೇಲೆ ಒಂದೂವರೆ ಎಕರೆಯನ್ನು ತಾನೇ ಮಾಡಿಸುವವಳು, ಬಾಯಿ ಸ್ವಲ್ಪ ಹರಿತ.

"ಅಯ್ನೋರೆ, ಅದ್ಯಾಕೆ ಅದುಕ್ಕೆ ಗಂಧ ಬಳ್ದವ್ರೆ?" ಎಂದು ಅವಳು ಮುಂದಕ್ಕೆ ಬಗ್ಗಿ ಕೇಳಿದಳು.

"ಶುಭಕಾರ್ಯ ಅಲ್ವೇನಮ್ಮ."

"ಆಸಾಡ್ದಲ್ಲಿ ಸುಬಕಾರ್ಯ. ಉಡ್ಗನ ಕಡೆಯೋರು ಯಾರೋ, ಉಡ್ಗಿ ಕಡೆಯೋರು ಯಾರೋ."

"ಸುಮ್ಕಿರಮ್ಮಿ, ಪ್ರಾರ್ಥನೆ ಏಳ್ತಾವ್ರೆ," ಎಂದ ಚಿಕ್ಕಬೋರಯ್ಯ.

ಪ್ರಾರ್ಥನೆ ಆಯಿತು, ಸ್ವಾಗತ ಆಯಿತು. ಉದ್ಘಾಟಕರು ಯಾವುದೋ ಮಂಡಳಿಯ ನಿವೃತ್ತ ಅಧಿಕಾರಿಗಳು. ಅವರ ಭಾಷಣ ಎಷ್ಟು ಉದ್ದವಿತ್ತೆಂದರೆ ಅದು ಶುರುವಾದಾಗ ನಾಟಿ ಮಾಡಿದ್ದರೆ ಮುಗಿಯುವಷ್ಟರಲ್ಲಿ ಕಳೆ ಕೀಳಬಹುದಿತ್ತು. ತಿರುನಾರಾಯಣರಿಗೆ ಅದರಲ್ಲಿ ಒಂದು ಮಾತೂ ಕಿವಿಗೆ ಬೀಳಲಿಲ್ಲ. ಮಂಜಿನ ತಂಪು ಮೆಲ್ಲಗೆ ಮೂರನೇ ಸಾಲಿನವರೆಗೆ ಬರುತ್ತಿತ್ತು. ಹೊರಗೆ ಆರಿದ್ರಾ ಮಳೆ ಸಣ್ಣಗೆ ಹಿಡಿದಿತ್ತು. ಅವರಿಗೆ ತಾವು ಕೂತಿರುವುದು ಕುರ್ಚಿಯ ಮೇಲಲ್ಲ, ನಾಲೆಯ ಮೇಲೆ ತೇಲುವ ಒಂದು ಮಣೆಯ ಮೇಲೆ ಎನ್ನಿಸಿತು. ಎರಡು ದಡದಲ್ಲೂ ಅವರ ಗದ್ದೆಗಳು. ರೈತರೆಲ್ಲ ದಡದಲ್ಲಿ ನಿಂತು, ಯಾರೂ ಏನೂ ಕೇಳದೆ, ಕೈ ಬೀಸುತ್ತಿದ್ದರು.

ಆಗ ಯಂತ್ರ ಗುಡುಗಿತು.

ಉದ್ಘಾಟಕರು ಗುಂಡಿ ಒತ್ತಿದ್ದರು. ಕಾರ್ಡುಗಳು ಒಂದರ ಹಿಂದೊಂದು ಬಾಯೊಳಗೆ ಹೋದವು. ಆ ಸದ್ದಿಗೆ ಮಂಟಪದ ತೊಲೆಯಲ್ಲಿದ್ದ ಪಾರಿವಾಳಗಳು ಎದ್ದು ಹೊರಟವು. ಅವು ನಿಂತದ್ದು ಮದ್ದೂರಿನಲ್ಲಿ. ಕೊಂಚ ಹೊತ್ತಿಗೆ ಇನ್ನೊಂದು ಬಾಯಿಂದ ಉದ್ದನೆಯ ಕಾಗದ ಇಳಿಯತೊಡಗಿತು. ಪಾರ್ಥಸಾರಥಿ ಮೈಕಿನಲ್ಲಿ ಮೊದಲ ಹೆಸರುಗಳನ್ನು ಓದಿದ.

"ಮೊದಲನೇ ದಿನ. ಚಿಕ್ಕಬೋರಯ್ಯ."

ಸರಿ. ಅಶ್ವಿನಿ ಮೊದಲ ಪಾದ. ಹದಿನೈದು ತಿಂಗಳ ಕಬ್ಬು, ಎಲ್ಲರಿಗಿಂತ ಹಳೆಯದು. ತಿರುನಾರಾಯಣರು ಕಣ್ಣು ಮುಚ್ಚಿದರು. ಚಿಕ್ಕಬೋರಯ್ಯನ ಗದ್ದೆ ತಲೆಯೊಳಗಿಂದ ಎದ್ದು, ಬದುವನ್ನು ಸೀರೆಯ ಸೆರಗಿನ ಹಾಗೆ ಎಳೆದುಕೊಂಡು, ಹೊರಗೆ ನಡೆದುಹೋಯಿತು. ಅದು ಇದ್ದ ಜಾಗದಲ್ಲಿ ಬರೀ ಬಿಸಿಲು. ಇನ್ನೊಂದು ಹೆಸರು, ಇನ್ನೊಂದು ಗದ್ದೆ ಹೋಯಿತು. ಹತ್ತು ಹೋದವು. ಭುಜ ಹಗುರವಾಯಿತು. ಇಪ್ಪತ್ತನೆಯದಕ್ಕೆ ಅವರು ಕುರ್ಚಿಯಿಂದ ಒಂದು ಅಂಗುಲ ಮೇಲೆದ್ದಿದ್ದರು ಎಂದು ಪಕ್ಕದಲ್ಲಿದ್ದವರು ಇವತ್ತಿಗೂ ಹೇಳುತ್ತಾರೆ. ಕೋಟಿನ ಭಾರಕ್ಕೆ ಅಷ್ಟಕ್ಕೇ ನಿಂತರು.

ಪಾರ್ಥಸಾರಥಿ ಓದುವುದನ್ನು ನಿಲ್ಲಿಸಿ, ಪರ್ಮಿಟ್ಟು ಕೊಡಲು ಐದು ಜನರ ಹೆಸರನ್ನು ಕಾಗದದಲ್ಲಿ ಹುಡುಕಿದ. ಚಿಕ್ಕಬೋರಯ್ಯ ವೇದಿಕೆಗೆ ಹೋಗಿ, ಉದ್ಘಾಟಕರ ಕೈಯಿಂದ ಪರ್ಮಿಟ್ಟು ಇಸಕೊಂಡು, ಯಂತ್ರಕ್ಕೂ ಒಂದು ಕೈ ಮುಗಿದು ಬಂದ. ಚಪ್ಪಾಳೆ. ಎರಡನೆಯ ಹೆಸರು ಚಿಕ್ಕಮಾದಮ್ಮ.

"ಕಟಾವು, ಮೂರನೇ ದಿನ."

ತಿರುನಾರಾಯಣರ ಕಣ್ಣು ತೆರೆಯಿತು. ಚಿಕ್ಕಮಾದಮ್ಮನದು ರೇವತಿ ಮೊದಲ ಪಾದ. ಮೂರು ತಿಂಗಳ ಕಬ್ಬು. ಸೊಂಟದುದ್ದ, ಇನ್ನೂ ಗಿಣ್ಣು ಕಟ್ಟಿಲ್ಲ. ಹಿಂಡಿದರೆ ಹಸಿರು ನೀರು ಬಂದೀತು, ಅಷ್ಟೇ. ಅವಳ ಸರದಿ ಬರಬೇಕಾದ್ದು ಮುಂದಿನ ವರ್ಷ.

ಚಿಕ್ಕಮಾದಮ್ಮ ವೇದಿಕೆಯ ಮೇಲೆ ಕಾಗದ ಹಿಡಿದು ನಿಂತಿದ್ದಳು. ಅಷ್ಟು ದೊಡ್ಡವರು ಕೊಟ್ಟದ್ದನ್ನು ಬೇಡ ಎನ್ನುವುದು ಹೇಗೆಂದು ತಿಳಿಯದೆ ಯಂತ್ರದ ಕಡೆ ತಿರುಗಿ, "ಮೂರು ತಿಂಗ್ಳ ಮಗೀಗೆ ಮದ್ವೆ ಮಾಡಕ್ಕೇ ಈ ಮಂಟಪ ಇಡ್ದಿರದಾ?" ಎಂದಳು. ಜನ ನಕ್ಕರು. ಅವಳು ನಗಲಿಲ್ಲ. ಮೂರನೇ ದಿನ ಕಡಿದರೆ ಬೆಳೆ ಹೋಯಿತು, ಕಡಿಯದಿದ್ದರೆ ಸರದಿ ಹೋಯಿತು.

ತಿರುನಾರಾಯಣರು ಕೂತೇ ಇದ್ದರು. ತಲೆಯಲ್ಲಿ ಇಪ್ಪತ್ತು ಗದ್ದೆಗಳ ಜಾಗ ಖಾಲಿ. ಎಷ್ಟು ಬಿಸಿಲು, ಎಷ್ಟು ತೆರಪು ಅಲ್ಲಿ. ಸುಮ್ಮನಿದ್ದರೆ ಉಳಿದವೂ ಹೊರಟುಹೋಗುತ್ತವೆ. ತಪ್ಪು ಎಂದರೆ ಯಂತ್ರ ಲಾರಿ ಹತ್ತುತ್ತದೆ, ಎಲ್ಲ ಗದ್ದೆಗಳೂ ಬಾಗಿಲು ತಳ್ಳಿಕೊಂಡು ವಾಪಸು ಬರುತ್ತವೆ, ಇನ್ನು ಸಾಯುವವರೆಗೆ ಸೋಗೆಯ ಸದ್ದು. ಹೇಗಿದ್ದರೂ ಯಾರಾದರೂ ಕಂಡುಹಿಡಿದೇ ಹಿಡಿಯುತ್ತಾರೆ, ನಾಳೆಯೋ ನಾಡಿದ್ದೋ. ನಾಡಿದ್ದು ಎಂದರೆ ಮೂರನೇ ದಿನ. ಚಿಕ್ಕಮಾದಮ್ಮನ ಗದ್ದೆ ಅವರ ಹಣೆಯ ಹಿಂದೆ ಎಳೆಎಳೆಯಾಗಿ ನಿಂತಿತ್ತು. ಬೇಲಿಯ ಮೇಲೆ ಹಾಗಲಬಳ್ಳಿ ಹಬ್ಬಿಸಿದ್ದಳು, ಅದೂ ಕಂಡಿತು.

ಅವರು ಎದ್ದರು. ಕೋಟಿನ ಗುಂಡಿ ಹಾಕಿಕೊಂಡು ವೇದಿಕೆಯ ಮೆಟ್ಟಿಲು ಹತ್ತಿದರು.

"ಆ ಕಾಗದ ಇತ್ಲಾಗ್ ಕೊಡಮ್ಮ. ಪಟ್ಟಿ ತಪ್ಪಿದೆ."

ಉದ್ಘಾಟಕರ ಮುಖ ಮಂಜುಗಡ್ಡೆಗಿಂತ ಬೆಳ್ಳಗಾಯಿತು. ಕಾರ್ಖಾನೆಯ ಡೈರೆಕ್ಟರು, "ರೀ, ನಿಮ್ಮನ್ನ ಕರೆದೋರು ಯಾರು? ಹೋಗಿ ಕೂತ್ಕೊಳ್ಳಿ. ಯಂತ್ರ ತಪ್ಪು ಮಾಡಲ್ಲ," ಎಂದರು.

"ಮಾಡಲ್ಲ. ನಾವು ಮಾಡಿದೀವಿ," ಎಂದರು ತಿರುನಾರಾಯಣರು.

ಪಾರ್ಥಸಾರಥಿ ಅವರ ತೋಳು ಹಿಡಿದು ಯಂತ್ರದ ಹಿಂದಕ್ಕೆ ಕರೆದುಕೊಂಡು ಹೋದ.

"ಸಾರ್, ಈಯಮ್ಮನ ಫಾರಮ್ಮಲ್ಲಿ ನೀವೇ ಬರೆದಿದೀರಿ. ಇಪ್ಪತ್ತೇಳು, ಒಂದು. ಇಪ್ಪತ್ತೇಳನೇ ತಾರೀಖು, ಒಂದನೇ ತಿಂಗಳು. ಕಳೆದ ವರ್ಷದ ಜನವರಿ ಅಲ್ವಾ?"

"ಜನವರಿ ಎಲ್ಲಿಂದ ಬಂತಪ್ಪ? ಇಪ್ಪತ್ತೇಳನೇ ನಕ್ಷತ್ರ ರೇವತಿ. ಮೊದಲನೇ ಪಾದ."

ಪಾರ್ಥಸಾರಥಿ ಪಟ್ಟಿಯನ್ನು ಮೇಲಿನಿಂದ ಮತ್ತೆ ಓದಿದ. ನಕ್ಷತ್ರ ಇಪ್ಪತ್ತೇಳು ದಾಟುವುದಿಲ್ಲ, ಪಾದ ನಾಲ್ಕು ದಾಟುವುದಿಲ್ಲ. ಹಾಗಾಗಿ ಸಾವಿರದ ಎಂಬತ್ತು ಕಾರ್ಡಿನಲ್ಲಿ ಒಂದಾದರೂ ತಾರೀಖಲ್ಲ ಎಂದು ಯಂತ್ರಕ್ಕೆ ಅನುಮಾನ ಬರುವಂತೆಯೇ ಇರಲಿಲ್ಲ. ಮಳವಳ್ಳಿ ಕಡೆಯ ಕಬ್ಬೆಲ್ಲ ಜನವರಿಯಿಂದ ಏಪ್ರಿಲಿನೊಳಗೇ ನಾಟಿಯಾಗಿಬಿಟ್ಟಿದೆ ಎಂದು ಅದು ನಂಬಿತ್ತು, ಎಲ್ಲವೂ ಬಲಿತಿದೆ ಎಂದು ಕಟಾವಿನ ದಿನಗಳನ್ನು ಒತ್ತೊತ್ತಾಗಿ ಕೊಟ್ಟಿತ್ತು. ಅಶ್ವಿನಿಯಿಂದ ರೇವತಿಯವರೆಗೆ ಮೊದಲ ಪಾದದವರೆಲ್ಲ ಮುಂದೆ, ಆಮೇಲೆ ಎರಡನೇ ಪಾದದವರು. ಮೊದಲ ಸಾಲುಗಳು ಸರಿಯಾಗಿ ಬಂದದ್ದು ಹಾಗೆ.

"ನಮ್ಮ ತಾತ ಪಂಚಾಂಗ ಬರೀತಿದ್ರು ಸಾರ್," ಎಂದ ಪಾರ್ಥಸಾರಥಿ. "ಮೇಲುಕೋಟೆ ಕಡೆಯೋರು. ನಾನು ಒಂದು ದಿನವೂ ಹತ್ತಿರ ಕೂರಲಿಲ್ಲ."

"ಈಗ ಕೂತ್ಕೊ," ಎಂದರು ತಿರುನಾರಾಯಣರು.

ಇಬ್ಬರೂ ಮಂಜುಗಡ್ಡೆಯ ದಿಮ್ಮಿಯ ಮೇಲೆ ಕೂತರು. "ಮೊದಲು ನಕ್ಷತ್ರ ನೋಡಬೇಕು. ನಕ್ಷತ್ರ ಒಂದೇ ಆದರೆ ಪಾದ ನೋಡಬೇಕು. ಅಷ್ಟೇ," ಎಂದು ಅವರು ಹೇಳಿದರು. ಅವನು ಹಣೆ ಉಜ್ಜಿಕೊಂಡ. ಪ್ರೋಗ್ರಾಮಿನಲ್ಲಿ ಎರಡನೇ ಚೌಕ ಮೊದಲು ನೋಡು ಎಂದು ಒಂದು ಕಾರ್ಡು, ಮೊದಲನೇ ಚೌಕ ಆಮೇಲೆ ನೋಡು ಎಂದು ಇನ್ನೊಂದು ಕಾರ್ಡು. ಎರಡನ್ನೂ ಹಿಂದುಮುಂದು ಮಾಡಿದರೆ ಸಾಕು. ಕಟ್ಟಿನಿಂದ ಎರಡು ಕಾರ್ಡು ಎಳೆದ, ಅದಲುಬದಲು ಇಟ್ಟ. ಮೈಕಿನಲ್ಲಿ ಡೈರೆಕ್ಟರು, ಅನಿವಾರ್ಯ ಕಾರಣದಿಂದ ಉದ್ಘಾಟನೆ ಎರಡು ಸಲ ನಡೆಯುತ್ತದೆ ಎಂದು ಪ್ರಕಟಿಸಿದರು. ಉದ್ಘಾಟಕರು ಮತ್ತೆ ಭಾಷಣಕ್ಕೆ ಎದ್ದರು. ಜನರ ಮುಖ ನೋಡಿ ಕನಿಕರಪಟ್ಟೋ ಏನೋ, ಗುಂಡಿ ಮಾತ್ರ ಒತ್ತಿ ಕೂತರು.

ಈ ಸಲ ಯಾರೂ ಮೈಕಿನಲ್ಲಿ ಓದಲಿಲ್ಲ. ತಿರುನಾರಾಯಣರು ಕಾಗದದ ಬಾಯಿಯ ಹತ್ತಿರ ನಿಂತು, ಇಳಿಯುತ್ತಿದ್ದ ಸಾಲುಗಳನ್ನು ಬೆರಳಿನಿಂದ ಮುಟ್ಟುತ್ತ ಹೋದರು. ಅಶ್ವಿನಿಯವರೆಲ್ಲ ಹೋದರು. ಭರಣಿ, ಕೃತ್ತಿಕೆ. ರೋಹಿಣಿಯವರು ಗುಂಪಾಗಿ, ಮಾತಾಡಿಕೊಂಡು ಹೋದರು. ಮಖೆ ಮಳೆಯವರು ಕಂಬಳಿ ಕೊಪ್ಪೆ ಹಾಕಿಕೊಂಡು ಹೋದರು. ಚಿತ್ತೆ, ಸ್ವಾತಿ. ಕಾಗದ ವೇದಿಕೆಯಿಂದ ಇಳಿದು, ಮುಂದಿನ ಸಾಲಿನವರ ಕಾಲ ಸುತ್ತ ಸುತ್ತಿ, ಮಂಟಪದ ಬಾಗಿಲು ದಾಟಿ ರಸ್ತೆಗೆ ಹೋಯಿತು. ಎಮ್ಮೆಯೊಂದು ಅದರ ತುದಿಯನ್ನು ಮೂಸಿ ನೋಡಿತೆಂದು ಹೇಳುತ್ತಾರೆ. ಕಟ್ಟಕಡೆಯಲ್ಲಿ ರೇವತಿ. ಚಿಕ್ಕಮಾದಮ್ಮನ ಹೆಸರು ಕೊನೆಯಿಂದ ಮೂವತ್ತೆರಡನೆಯದು. ಎಲ್ಲಿರಬೇಕೋ ಅಲ್ಲೇ.

"ಸರಿ ಇದೆಯಾ ಸಾರ್?" ಎಂದ ಪಾರ್ಥಸಾರಥಿ.

ತಿರುನಾರಾಯಣರು ತಲೆಯಾಡಿಸಿದರು.

ಸಂಜೆ ಬಸ್ಸಿನಲ್ಲಿ ಅವರ ಪಕ್ಕದಲ್ಲಿ ಚಿಕ್ಕಮಾದಮ್ಮ ಕೂತಿದ್ದಳು. ಮದ್ದೂರು ದಾಟಿ ಬಸ್ಸು ಮಳವಳ್ಳಿಯ ಕಡೆ ತಿರುಗಿತು. ಮಳೆ ನಿಂತು ಬಿಸಿಲು ಅಡ್ಡಡ್ಡವಾಗಿ ಬಿದ್ದಿತ್ತು. ಅವಳು ಮಡಿಲಿನಿಂದ ಕಡಲೆಕಾಯಿ ತೆಗೆದು ಅವರ ಅಂಗೈಗೆ ಹಾಕಿದಳು.

"ಆ ಪೆಟ್ಗೆ ತಲೆ ತಿರ್ಗುಸ್ಬುಟ್ರಲ್ಲ ಅಯ್ನೋರೆ. ನೀವ್ ಏಳ್ದೇ ಓಗಿದ್ರೆ ನಾ ನನ್ ಕಬ್ಬ ದನಕ್ಕೆ ಆಕ್ಬೇಕಾಗಿತ್ತು."

"ಎದ್ದೆನಲ್ಲಮ್ಮ."

"ತಡ ಮಾಡಿ ಎದ್ರಿ. ನಾ ನೋಡ್ತಿದ್ದೆ." ಅವಳು ಒಂದು ಕಾಯಿ ಬಿಡಿಸಿದಳು. "ಅದಿರ್ಲಿ, ನಮ್ ಮೈದ ಮುದ್ದಯ್ಯ ಕೇಳ್ಕಂಬಾ ಅಂದಿದ್ದ. ಅವನ್ದು ಯಾವಾಗ?"

ತಿರುನಾರಾಯಣರು ಅಭ್ಯಾಸದಂತೆ ಕಣ್ಣು ಅರ್ಧ ಮುಚ್ಚಿದರು. ಮುದ್ದಯ್ಯ. ಪೂರಿಗಾಲಿ. ಬದುವಿನ ಮೇಲೆ ಕಾಲಿಟ್ಟರು, ಬದುವೇ ಇರಲಿಲ್ಲ. ಹೊಂಗೆಯೋ ಬೇವೋ, ತಿಳಿಯಲಿಲ್ಲ. ಇನ್ನೂ ಒಂದು ಸಲ ಹುಡುಕಿದರು. ತೊಳೆದಿಟ್ಟ ಪಡಸಾಲೆಯ ಹಾಗೆ ತಣ್ಣಗೆ, ನುಣ್ಣಗೆ, ಖಾಲಿ.

"ಗೊತ್ತಿಲ್ಲ ಕಣಮ್ಮ," ಎಂದರು. ಇಪ್ಪತ್ತೆರಡು ವರ್ಷದಲ್ಲಿ ಆ ಮಾತನ್ನು ಅವರ ಬಾಯಿಂದ ಕೇಳಿದವಳು ಚಿಕ್ಕಮಾದಮ್ಮ ಒಬ್ಬಳೇ. "ಪಟ್ಟೀಲಿ ಇರತ್ತೆ. ನಾಳೆ ಆಫೀಸಿಗೆ ಬಂದು ನೋಡ್ಕೊಳ್ಳೋಕೆ ಹೇಳು."

"ನಿಮ್ಗೇ ಗೊತ್ತಿಲ್ವಾ?"

"ನನಗೇ ಗೊತ್ತಿಲ್ಲ."

ಅವಳು ಅವರ ಮುಖವನ್ನು ಅನುಮಾನದಿಂದ ನೋಡಿ, ಇನ್ನಷ್ಟು ಕಡಲೆಕಾಯಿ ಕೊಟ್ಟಳು. ಅವರು ಕಿಟಕಿಯ ಕಡೆ ತಿರುಗಿದರು. ರಸ್ತೆಯ ಎರಡು ಕಡೆಯೂ ಏನೋ ಹಸಿರಾದದ್ದು ಎದೆಯುದ್ದ ಬೆಳೆದು, ಗಾಳಿಗೆ ಒಂದು ಮಗ್ಗುಲಿಗೆ ವಾಲಿ, ಮತ್ತೆ ನೆಟ್ಟಗಾಗುತ್ತಿತ್ತು. ಅದು ಯಾರದೆಂದು ಅವರಿಗೆ ಗೊತ್ತಿರಲಿಲ್ಲ. ಬಹಳ ಚೆನ್ನಾಗಿತ್ತು. ಮಳವಳ್ಳಿ ಬರುವವರೆಗೂ ಅದನ್ನೇ ನೋಡುತ್ತ ಕೂತರು.